ಹೊತ್ತು ಕಳೆಯುವ ಕೆಲಸವಲ್ಲ ಹೆಣಿಗೆ

ಐವತ್ತು, ಅರವತ್ತು ದಾಟಿದ ಮೇಲೆ ಹೆಣಿಗೆ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಳ್ಳುವವರು ಕರ್ನಾಟಕದ ಊರುಗಳಲ್ಲಿ ಕಡಿಮೆಯೇನಿಲ್ಲ. ಹುಡುಗಿಯಾಗಿದ್ದಾಗ ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲೋ ಪಕ್ಕದ ಮನೆಯ ಅಕ್ಕನ ಬಳಿಯೋ ಕಲಿತ ವಿದ್ಯೆ ಅದು. ಮದುವೆ, ಮಕ್ಕಳು, ನೌಕರಿ, ಅತ್ತೆ-ಮಾವಂದಿರ ಆರೈಕೆಯ ನಡುವೆ ಕೈತಪ್ಪಿ ಹೋಗಿ, ನಿವೃತ್ತಿಯ ನಂತರವೋ ಮೊಮ್ಮಗು ಹುಟ್ಟುವ ಹೊತ್ತಿಗೋ ಮರಳಿ ಬರುತ್ತದೆ. ಅದನ್ನು ಮನೆಯವರೂ ನೆರೆಹೊರೆಯವರೂ ನೋಡುವ ಬಗೆ ಮಾತ್ರ ಒಂದೇ. ವಯಸ್ಸಾದವರಿಗೆ ಹೊತ್ತು ಹೋಗಬೇಕಲ್ಲ, ಏನೋ ಒಂದು ಮಾಡಿಕೊಂಡಿರಲಿ. ಮುಗಿಸಿದರೆ ಸರಿ, ಮುಗಿಸದಿದ್ದರೂ ನಷ್ಟವಿಲ್ಲ.

ಈ ಅಭಿಪ್ರಾಯ ಅಕ್ಕರೆಯ ಮಾತಾಗಿ ಬರುವುದರಿಂದಲೇ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಅದು ಮಾಡುವ ಹಾನಿ ದೊಡ್ಡದು. ಅದು ದುಡಿಮೆಯನ್ನು ದುಡಿಮೆಯೆಂದು ಒಪ್ಪುವುದಿಲ್ಲ. ಕಲಿತ ಕೌಶಲವನ್ನು ಚಟದ ಮಟ್ಟಕ್ಕೆ ಇಳಿಸುತ್ತದೆ. ವಯಸ್ಸಾದವರಿಂದ ಪೂರ್ತಿಯಾದ, ಬಳಸಲು ಬರುವ, ಬೆಲೆಬಾಳುವ ವಸ್ತುವೊಂದು ಹೊರಬಂದೀತು ಎಂಬ ನಿರೀಕ್ಷೆಯನ್ನೇ ಕಿತ್ತುಹಾಕುತ್ತದೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಎದುರಿಗೆ ಹೇಳಲು ನಾಚುವ ಮನೆಗಳಲ್ಲಿ ಅದೇ ಗಾದೆ ಈ ರೂಪದಲ್ಲಿ ನಡೆದುಕೊಂಡು ಹೋಗುತ್ತಿದೆ. ಯಾರ ಕೆಲಸದಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲವೋ ಅವರನ್ನು ಲೆಕ್ಕದಿಂದ ಬಿಟ್ಟಂತೆಯೇ ಅಲ್ಲವೇ?

ಹೆಣಿಗೆ ನಡುವೆ ನಿಂತದ್ದು ಯಾಕೆ ಎಂಬುದನ್ನು ಮೊದಲು ನೋಡಬೇಕು. ಅಟ್ಟದ ಮೇಲಿನ ಟ್ರಂಕು ತೆರೆದರೆ ಹಲವು ಮನೆಗಳಲ್ಲಿ ಸಿಗುವುದು ಇಂಥದ್ದು: ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ, ನುಸಿಗುಳಿಗೆಯ ವಾಸನೆ ಹಿಡಿದ ಒಂದು ಮಗುವಿನ ಸ್ವೆಟರು. ಬೆನ್ನಿನ ಭಾಗ ಪೂರ್ತಿಯಾಗಿದೆ, ಎದೆಯ ಭಾಗ ಕಂಕುಳವರೆಗೆ ಬಂದು ನಿಂತಿದೆ. ಕಡ್ಡಿ ಇನ್ನೂ ಕುಣಿಕೆಗಳ ಒಳಗೇ ಇದೆ. ಅದು ತಾಗಿಕೊಂಡಿದ್ದ ಸಾಲಿನುದ್ದಕ್ಕೂ ಉಲ್ಲನ್ನಿಗೆ ಕಂದು ಕಲೆ ಹತ್ತಿದೆ. ಪಕ್ಕದಲ್ಲಿ ಅದೇ ಬಣ್ಣದ ಒಂದೂವರೆ ಉಂಡೆ, ಮತ್ತು ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ ನೋಟ್‌ಬುಕ್ಕಿನ ಹಾಳೆ. ಯಾವ ಮಗುವಿಗೆಂದು ಅದು ಶುರುವಾಗಿತ್ತೋ ಆ ಮಗುವಿಗೆ ಈಗ ಮಕ್ಕಳಿದ್ದಾರೆ.

ಇದನ್ನು ಕಂಡವರು ಅಮ್ಮನಿಗೆ ಸೋಮಾರಿತನ ಎನ್ನುತ್ತಾರೆ, ಇಲ್ಲವೇ ಅವಳಿಗೆ ಯಾವುದನ್ನೂ ಕೊನೆ ಮುಟ್ಟಿಸುವ ಅಭ್ಯಾಸವಿಲ್ಲ ಎನ್ನುತ್ತಾರೆ. ದೇಶದ ಸಮಯ ಬಳಕೆ ಸಮೀಕ್ಷೆ ಹೇಳುವುದು ಬೇರೆ. 2019ರ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು ಕೊಡುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಆ ಅಂಕಿಗಳು 289 ಮತ್ತು 88. ಐದು ವರ್ಷಗಳಲ್ಲಿ ಮಹಿಳೆಯರಿಗೆ ಹಗುರಾದದ್ದು ಹತ್ತು ನಿಮಿಷ, ಗಂಡಸರಿಗೆ ಒಂಬತ್ತು. ಅಂತರ ಇದ್ದಲ್ಲೇ ಇದೆ. ದಿನಕ್ಕೆ ಐದು ಗಂಟೆಯ ಹತ್ತಿರ ಅಡುಗೆ, ಪಾತ್ರೆ, ಬಟ್ಟೆ, ನೀರು ಎಂದು ನಿಂತಿದ್ದವಳ ಕೈಯಲ್ಲಿ ಒಂದು ಎದೆಭಾಗ ಕಂಕುಳವರೆಗಾದರೂ ಬಂದಿತ್ತು ಎಂಬುದೇ ದೊಡ್ಡ ಮಾತು. ಅರ್ಧಕ್ಕೆ ನಿಂತ ಹೆಣಿಗೆಯಲ್ಲಿ ಕಾಣಬೇಕಾದದ್ದು ಆ ಮನೆ ಅವಳಿಂದ ಕಿತ್ತುಕೊಂಡ ಹೊತ್ತು. ಅದನ್ನು ಅವಳ ಸ್ವಭಾವದ ದೋಷವೆಂದು ಹೇಳಲು ಆ ಮನೆಯವರಿಗೆ ಯಾವ ಹಕ್ಕಿದೆ?

ಹೊತ್ತು ಕಳೆಯುವ ಕೆಲಸ ಎಂದು ಕರೆಯುವುದರಿಂದ ಆಗುವ ಮೊದಲ ನಷ್ಟ ಹಣದ್ದು. ಇದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಆಂಧ್ರದಲ್ಲೇ ಉದಾಹರಣೆಯಿದೆ. ಗೋದಾವರಿ ತೀರದ ನರಸಾಪುರದ ಸುತ್ತಲಿನ ಹಳ್ಳಿಗಳಲ್ಲಿ ಹತ್ತೊಂಬತ್ತನೇ ಶತಮಾನದ ಮಿಷನರಿಗಳು ಕ್ರೋಶಾ ಲೇಸು ಹೆಣೆಯುವುದನ್ನು ಕಲಿಸಿದರು. ಅದು ಬೆಳೆದು ವಿದೇಶಕ್ಕೆ ರಫ್ತಾಗುವ ಉದ್ಯಮವಾಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಪ್ರಕಟಿಸಿದರು. ಅವರು ತೋರಿಸಿದ ಸಂಗತಿ ಇಷ್ಟು: ಮನೆಗೆಲಸದ ಜೊತೆಗೆ ದಿನಕ್ಕೆ ಹಲವು ಗಂಟೆ ಲೇಸು ಹೆಣೆಯುವ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಏನೋ ಮಾಡಿಕೊಳ್ಳುತ್ತಾರೆ ಎಂಬುದೇ ಎಲ್ಲರ ಮಾತು. ವ್ಯಾಪಾರ, ಲಾಭ, ರಫ್ತು ಗಂಡಸರ ಕೈಯಲ್ಲಿತ್ತು. ಹೆಣೆದವಳಿಗೆ ಸಿಗುತ್ತಿದ್ದುದು ಕೃಷಿ ಕಾರ್ಮಿಕರ ಕನಿಷ್ಠ ಕೂಲಿಗಿಂತಲೂ ಎಷ್ಟೋ ಕಡಿಮೆ. ಬಿಡುವಿನ ಕೆಲಸ ಎಂಬ ಹೆಸರೇ ಆ ಕೂಲಿಯನ್ನು ತಳಕ್ಕೆ ಒತ್ತಿ ಹಿಡಿದಿತ್ತು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕರಕುಶಲ ಮೇಳಗಳಲ್ಲಿ ಇವತ್ತಿಗೂ ನಡೆಯುತ್ತಿರುವುದು ಇದೇ. ದೊಡ್ಡವರ ಒಂದು ಸ್ವೆಟರಿನ ಲೆಕ್ಕ ತೆಗೆದುಕೊಳ್ಳೋಣ. ಹತ್ತು ಸೆಂಟಿಮೀಟರಿಗೆ 20 ಕುಣಿಕೆ, 28 ಸಾಲು ಬರುವ ಸಾಧಾರಣ ದಪ್ಪದ ದಾರ. ಎದೆಯ ಸುತ್ತಳತೆ 100 ಸೆಂಟಿಮೀಟರ್, ಉದ್ದ 60. ಬೆನ್ನಿನ ಭಾಗಕ್ಕೆ 100 ಕುಣಿಕೆಯ 168 ಸಾಲು, ಅಂದರೆ 16,800 ಕುಣಿಕೆ. ಎದೆಭಾಗವೂ ಹೆಚ್ಚುಕಡಿಮೆ ಅಷ್ಟೇ. ಎರಡು ತೋಳು ಸೇರಿ ಇನ್ನೊಂದು ಅಷ್ಟು. ಒಟ್ಟು ಐವತ್ತು ಸಾವಿರದ ಆಸುಪಾಸು. ನಿಮಿಷಕ್ಕೆ 25 ಕುಣಿಕೆ ಹಾಕುವ ಪಳಗಿದ ಕೈಗೂ ಬರೀ ಹೆಣಿಗೆಗೆ 33 ಗಂಟೆ ಬೇಕು. ಜೋಡಿಸಿ, ಕತ್ತಿನ ಪಟ್ಟಿ ಕಟ್ಟಿ, ತೊಳೆದು ಹದ ಮಾಡುವುದು ಸೇರಿದರೆ ನಲವತ್ತು ಗಂಟೆ, ಅಂದರೆ ಎಂಟು ಗಂಟೆಯ ಐದು ದಿನ. 2025–26ಕ್ಕೆ ಕರ್ನಾಟಕದಲ್ಲಿ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲೇ ಕೂಲಿ 1,850 ರೂಪಾಯಿ ಆಗುತ್ತದೆ. ಉಲ್ಲನ್ನಿನ ಖರ್ಚು ಬೇರೆ. ಅದೇ ಸ್ವೆಟರನ್ನು ಮೇಳದಲ್ಲಿ ಹಿಡಿದು ನೋಡಿ, ‘ಆಂಟಿ, ಆರುನೂರಕ್ಕೆ ಕೊಡಿ, ಹೇಗೂ ಮನೇಲಿ ಕೂತು ಮಾಡಿದ್ದಲ್ವಾ?’ ಎಂದು ಕೇಳುವವರಿಗೆ ತಾವು ಏನು ಕೇಳುತ್ತಿದ್ದೇವೆಂದು ಗೊತ್ತಿದೆಯೇ? ಮನೆಯಲ್ಲಿ ಕೂತು ಲೆಕ್ಕಪತ್ರ ಬರೆಯುವವನಿಗೆ, ಮನೆಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವಳಿಗೆ ಇದೇ ಮಾತನ್ನು ಯಾರಾದರೂ ಹೇಳುತ್ತಾರೆಯೇ? ಹೆಣೆಯುವವಳು ಮಾತ್ರ ಹಿಂಜರಿದು ಬೆಲೆ ಇಳಿಸುತ್ತಾಳೆ. ತಾನು ಮಾಡಿದ್ದು ಕೆಲಸ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಕೈಹೆಣಿಗೆಗೆ ಎದುರಾಗುವ ಇನ್ನೊಂದು ಆಕ್ಷೇಪ ಯಂತ್ರದ್ದು. ಚಳಿಗಾಲ ಬಂದರೆ ಟಿಬೆಟನ್ ವ್ಯಾಪಾರಿಗಳ ಅಂಗಡಿ ಸಾಲಿನಲ್ಲಿ ಲೂಧಿಯಾನದ ಸ್ವೆಟರುಗಳು ರಾಶಿ ಬೀಳುತ್ತವೆ, ಆನ್‌ಲೈನಿನಲ್ಲಿ ಇನ್ನೂ ಅಗ್ಗ, ಹಾಗಿರುವಾಗ ಕಣ್ಣು ನೋಯಿಸಿಕೊಂಡು ಯಾಕೆ ಹೆಣೆಯಬೇಕು ಎಂಬುದು. ಯಂತ್ರ ನಿನ್ನೆ ಮೊನ್ನೆ ಬಂದದ್ದಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ್ದು 1589ರಲ್ಲಿ. ನಾಲ್ಕು ಶತಮಾನಗಳ ಯಂತ್ರದ ನಂತರವೂ ಕೈಹೆಣಿಗೆ ಉಳಿದಿದೆ ಎಂದರೆ ಅದಕ್ಕೆ ಕಾರಣವಿರಬೇಕು. ಕಾರಣ ಕಾಣಲು ಹೆಚ್ಚು ಬುದ್ಧಿ ಬೇಕಿಲ್ಲ. ಬೆನ್ನು ಬಾಗಿದ ಹಿರಿಯರಿಗೆ, ಒಂದು ಭುಜ ಇಳಿದವರಿಗೆ, ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಅಳತೆ ನೋಡಿ ಮಾಡಿದ ಸ್ವೆಟರು ಅಂಗಡಿಯಲ್ಲಿ ಸಿಗುವುದಿಲ್ಲ. ಬಟ್ಟೆ ಕತ್ತರಿಸಿ ಯಂತ್ರದಲ್ಲಿ ಹೊಲಿದ ಅಗ್ಗದ ಸ್ವೆಟರಿನ ದಾರ ಬಿಚ್ಚಿದರೆ ತುಂಡುತುಂಡಾಗಿ ಬರುತ್ತದೆ. ಕೈಯಲ್ಲಿ ಆಕಾರಕ್ಕೆ ಹೆಣೆದದ್ದರಲ್ಲಿ ದಾರ ಉದ್ದಕ್ಕೆ ಬರುತ್ತದೆ. ಹಿರಿಯ ಮಗನಿಗೆ ಚಿಕ್ಕದಾದದ್ದನ್ನು ಬಿಚ್ಚಿ, ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ತೊಳೆದು ನೇತುಹಾಕಿ ಸುಕ್ಕು ಹೋಗಿಸಿ, ಕಿರಿಯವಳಿಗೆ ಮತ್ತೊಂದು ಹೆಣೆದ ತಾಯಂದಿರು ಈ ನಾಡಿನಲ್ಲಿ ಇನ್ನೂ ಬದುಕಿದ್ದಾರೆ. ಇನ್ನು ಕ್ರೋಶಾ ವಿಷಯಕ್ಕೆ ಬಂದರೆ ಯಂತ್ರದ ವಾದವೇ ನಿಲ್ಲುವುದಿಲ್ಲ. ಅದನ್ನು ಕೈಯಂತೆಯೇ ಹೆಣೆಯುವ ಕಾರ್ಖಾನೆ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಮಾಲ್‌ನಲ್ಲಿ ಕೆಲವೇ ನೂರು ರೂಪಾಯಿಗೆ ನೇತಾಡುವ ನಿಜವಾದ ಕ್ರೋಶಾ ಅಂಗಿಯನ್ನು ಎಲ್ಲೋ ಒಬ್ಬಳು ಬೆರಳು ಬಾಗಿಸಿ ಹೆಣೆದಿರುತ್ತಾಳೆ. ಅದರ ಅಗ್ಗದ ಬೆಲೆಯನ್ನು ತೆತ್ತಿರುವುದು ಅವಳ ಕೂಲಿಯೇ.

ಈಚೆಗೆ ಇನ್ನೊಂದು ಮಾತು ಜೋರಾಗಿದೆ, ಅದೂ ಓದಿದವರ ನಡುವೆ. ಹೆಣಿಗೆ ಮಿದುಳಿಗೆ ಒಳ್ಳೆಯದು, ಮರೆವು ಬರದಂತೆ ತಡೆಯುತ್ತದೆ, ಮನಸ್ಸು ಶಾಂತವಾಗುತ್ತದೆ, ಆದ್ದರಿಂದ ಅಮ್ಮ ಹೆಣೆಯಲಿ ಎಂಬುದು. ಇದಕ್ಕೆ ಆಧಾರವಿಲ್ಲವೆಂದಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 70ರಿಂದ 89 ವರ್ಷದ 1,321 ಜನರನ್ನು ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಣಿಗೆಯಂಥ ಕೈಕೆಲಸ, ಓದು, ಆಟಗಳಲ್ಲಿ ತೊಡಗಿದವರಲ್ಲಿ ನೆನಪಿನ ಸಣ್ಣ ಪ್ರಮಾಣದ ತೊಂದರೆ ಕಡಿಮೆ ಕಂಡುಬಂತು. 2013ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಬಂದ, 3,545 ಹೆಣಿಗೆಗಾರರ ಸಮೀಕ್ಷೆಯಲ್ಲಿ ಪದೇಪದೇ ಹೆಣೆಯುವವರು ಹೆಚ್ಚು ನೆಮ್ಮದಿ ಹೇಳಿಕೊಂಡರು. ಇವು ಜೊತೆಜೊತೆಯಾಗಿ ಕಂಡ ಸಂಗತಿಗಳು. ಹೆಣಿಗೆಯಿಂದಲೇ ಹೀಗಾಯಿತೆಂದು ಇವು ಸಾಧಿಸುವುದಿಲ್ಲ. ನೆನಪು ಚೆನ್ನಾಗಿರುವವರೇ ಹೆಚ್ಚು ಹೆಣೆಯುತ್ತಿರಬಹುದು. ಆದರೆ ಮುಖ್ಯ ಆಕ್ಷೇಪ ಅದಲ್ಲ. ಹೆಣಿಗೆಯನ್ನು ಔಷಧಿಯಾಗಿಸಿದ ಕೂಡಲೇ ಹೆಣೆಯುವವಳು ರೋಗಿಯಾಗುತ್ತಾಳೆ. ಮಾತ್ರೆ ನುಂಗಿದರೆ ಸಾಕು, ಅದರಿಂದ ಏನು ತಯಾರಾಯಿತೆಂದು ಯಾರೂ ಕೇಳುವುದಿಲ್ಲ. ನಲವತ್ತರ ಹರೆಯದ ಬಡಗಿ ಮೇಜು ಮಾಡಿದಾಗ ಅವನ ಮಿದುಳಿಗೆ ಒಳ್ಳೆಯದಾಯಿತೇ ಎಂದು ವಿಚಾರಿಸುವವರುಂಟೇ? ಮೇಜು ಅಲುಗುತ್ತದೆಯೇ ಎಂದು ನೋಡುತ್ತಾರೆ. ಎಪ್ಪತ್ತರ ಹೆಂಗಸು ಶಾಲು ಹೆಣೆದಾಗಲೂ ನೋಡಬೇಕಾದದ್ದು ಶಾಲನ್ನು.

ಈ ಔಷಧಿಯ ಮಾತಿನ ಬೆನ್ನಿಗೇ ಬರುವುದು ಎಲ್ಲಕ್ಕಿಂತ ಹೆಚ್ಚು ಕೇಡು ಮಾಡಿರುವ ನಂಬಿಕೆ: ಮಾಡುವ ಖುಷಿ ಮುಖ್ಯ, ಮುಗಿಸುವುದು ಮುಖ್ಯವಲ್ಲ. ಇದು ಉದಾರವಾಗಿ ಕೇಳಿಸುತ್ತದೆ. ನಿಜದಲ್ಲಿ ಇದು ಕಸುಬಿನ ಅರ್ಧವನ್ನೇ ಅಳಿಸಿಹಾಕುತ್ತದೆ. ಸೀದಾ, ಉಲ್ಟಾ ಎಂಬ ಎರಡು ಕುಣಿಕೆಗಳನ್ನು ಚುರುಕು ಮಗು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತದೆ. ಹೆಣಿಗೆಗಾರ್ತಿಯ ಕೈ ಎಂಥದೆಂದು ಗೊತ್ತಾಗುವುದು ಕೊನೆಯಲ್ಲಿ. ಭುಜ ಜೋಡಿಸುವಾಗ, ತೋಳು ಕೂರಿಸುವಾಗ, ಕತ್ತಿನ ಸುತ್ತ ಕುಣಿಕೆ ಎತ್ತಿ ಪಟ್ಟಿ ಕಟ್ಟುವಾಗ, ಕೊನೆಯ ಸಾಲನ್ನು ಬಿಗಿಯೂ ಸಡಿಲವೂ ಆಗದಂತೆ ಮುಚ್ಚುವಾಗ.

ಪಕ್ಕದ ಜೋಡಣೆಯನ್ನೇ ಹತ್ತಿರದಿಂದ ನೋಡಬಹುದು. ಬೆನ್ನು ಮತ್ತು ಎದೆಯ ತುಂಡುಗಳನ್ನು ಒಳ್ಳೆಯ ಮಗ್ಗುಲು ಮೇಲೆ ಬರುವಂತೆ ಅಕ್ಕಪಕ್ಕ ಇಡಬೇಕು. ಅಂಚಿನ ಮೊದಲ ಮತ್ತು ಎರಡನೇ ಕುಣಿಕೆಗಳ ನಡುವೆ ಏಣಿಯ ಮೆಟ್ಟಿಲಿನಂತೆ ಒಂದೊಂದು ಸಾಲಿಗೆ ಒಂದೊಂದು ಅಡ್ಡ ಎಳೆ ಇರುತ್ತದೆ. ಮೊಂಡು ತುದಿಯ ಸೂಜಿಯಲ್ಲಿ ಅದೇ ಉಲ್ಲನ್ ಪೋಣಿಸಿ, ಈ ಕಡೆಯ ಒಂದು ಅಡ್ಡ ಎಳೆ, ಆ ಕಡೆಯ ಒಂದು ಅಡ್ಡ ಎಳೆ ಎತ್ತುತ್ತ ಹೋಗಬೇಕು. ಒಂದು ಗೇಣು ಆದ ಮೇಲೆ ದಾರವನ್ನು ಮೆಲ್ಲಗೆ ಎಳೆದರೆ ಎರಡು ಅಂಚುಗಳು ಒಳಕ್ಕೆ ಮಡಚಿ ಹೋಗಿ ಹೊಲಿಗೆ ಕಣ್ಣಿಗೆ ಕಾಣದಂತಾಗುತ್ತದೆ. ಒಂದು ಸಾಲು ತಪ್ಪಿದರೂ ಕೆಳಗಿನ ಬಾರ್ಡರು ಒಂದಕ್ಕೊಂದು ಕೂಡುವುದಿಲ್ಲ. ಆಮೇಲೆ ದಾರದ ತುದಿಗಳನ್ನು ಹಿಂದಿನ ಮಗ್ಗುಲಲ್ಲಿ ಕುಣಿಕೆಗಳ ಹಾದಿಯಲ್ಲೇ ನುಗ್ಗಿಸಿ ಅಡಗಿಸುವುದು. ಆಮೇಲೆ ಉಣ್ಣೆಯದಾದರೆ ಒದ್ದೆ ಮಾಡಿ, ಟವೆಲಿನಲ್ಲಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಅಳತೆಗೆ ಹರಡಿ ಗುಂಡುಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸುವುದು. ಹೆಣೆದಾಗ ಅಂಕುಡೊಂಕಾಗಿದ್ದ ಕುಣಿಕೆಗಳು ಈ ಒಂದು ಸ್ನಾನದಲ್ಲಿ ಸಾಲುಹಿಡಿದು ಕೂರುತ್ತವೆ. ಅಕ್ರಿಲಿಕ್ ದಾರಕ್ಕೆ ಬಿಸಿ ಇಸ್ತ್ರಿ ಒತ್ತಿದರೆ ಅದು ಜೋತುಬೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಇದೆಲ್ಲ ಗೊತ್ತಿಲ್ಲದೆ ಎಷ್ಟು ಒಳ್ಳೆಯ ಹೆಣಿಗೆಗಳು ಕೊನೆಯ ಹೆಜ್ಜೆಯಲ್ಲಿ ಕೆಟ್ಟು, ಹಾಕಿಕೊಳ್ಳಲಾಗದೆ ಮೂಲೆ ಸೇರಿವೆ! ಮುಗಿಸುವುದು ಮುಖ್ಯವಲ್ಲ ಎಂದು ಹೇಳುತ್ತ ಬಂದದ್ದರಿಂದಲೇ ಈ ಭಾಗವನ್ನು ಕಲಿಸುವವರೂ ಕೇಳುವವರೂ ಕಡಿಮೆಯಾಗಿದ್ದಾರೆ.

ಕರ್ನಾಟಕದ ಕೈಕೆಲಸದ ಪರಂಪರೆಗಳಿಗೆ ಈ ಉದಾಸೀನ ಗೊತ್ತೇ ಇರಲಿಲ್ಲ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣಬೇಕು, ಎಲ್ಲೂ ಗಂಟು ಕಾಣಬಾರದು. ಹೋದ ದಾರಿಯಲ್ಲೇ ದಾರ ಮರಳಿ ಬಂದು ಬಿಟ್ಟ ಜಾಗ ತುಂಬದಿದ್ದರೆ ಚಿತ್ತಾರವೇ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸುತ್ತಲಿನ ಸಿದ್ದಿ ಮಹಿಳೆಯರು ಹಳೆಬಟ್ಟೆಯ ತುಂಡುಗಳಿಂದ ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ಹೊರ ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ದೊಡ್ಡ ಕೆಲಸ ಅದು. ಇಡೀ ಕವಂದಿ ಹೊಲಿದಾದ ಮೇಲೂ ಅದು ಮುಗಿದಂತಲ್ಲ. ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಮಾಡಿದ ಫೂಲಾ ಎಂಬ ಹೂವನ್ನು ಮೂಲೆಮೂಲೆಗೂ ಇಟ್ಟರೆ ಮಾತ್ರ ಪೂರ್ತಿ. ಅದಿಲ್ಲದ ಕವಂದಿಯನ್ನು ಅವರು ಬೆತ್ತಲೆ ಎನ್ನುತ್ತಾರೆ. ಕೈತುಂಬ ಕೆಲಸವಿರುವ ಆ ಹೆಂಗಸರಿಗೆ ಮುಗಿಸುವುದರ ಬೆಲೆ ಗೊತ್ತು. ನಗರದ ಬಿಡುವುಳ್ಳ ಮನೆಗಳಿಗೆ ಯಾಕೆ ಗೊತ್ತಾಗುವುದಿಲ್ಲ?

ವಯಸ್ಸಾದ ಮೇಲೆ ಕಣ್ಣು ಕಾಣದು, ಬೆರಳು ಬಗ್ಗದು, ಆದ್ದರಿಂದ ಅರೆಬರೆಯಾದರೂ ಸಾಕು ಎನ್ನುವವರೂ ಇದ್ದಾರೆ. ಕಣ್ಣು, ಬೆರಳಿನ ತೊಂದರೆ ನಿಜ. ನಲವತ್ತರ ನಂತರ ಹತ್ತಿರದ ದೃಷ್ಟಿ ಕುಂದುತ್ತದೆ, ಹೆಬ್ಬೆರಳ ಬುಡದ ಕೀಲು ಸವೆಯುತ್ತದೆ. ಆದರೆ ತೊಂದರೆಗೆ ಉಪಾಯ ಹುಡುಕುವುದು ಒಂದು, ತೊಂದರೆಯನ್ನು ನೆಪಮಾಡಿಕೊಂಡು ಮನುಷ್ಯರನ್ನು ಕೈಬಿಡುವುದು ಇನ್ನೊಂದು. ಕಪ್ಪು, ಕಡುನೀಲಿ ದಾರದ ಬದಲು ತಿಳಿಬಣ್ಣದ ದಾರ ಹಿಡಿದರೆ ಕುಣಿಕೆ ಎದ್ದು ಕಾಣುತ್ತದೆ. ಹಗಲು ಬೆಳಕಿನಲ್ಲಿ ಕೂತು, ಮಡಿಲಲ್ಲಿ ಬಣ್ಣಕ್ಕೆ ಎದುರಾದ ಬಟ್ಟೆ ಹಾಸಿಕೊಂಡರೆ ಅರ್ಧ ಕಷ್ಟ ಹೋಗುತ್ತದೆ. ತಣ್ಣಗಿನ ಲೋಹದ ಕಡ್ಡಿಗಿಂತ ಬಿದಿರಿನ ಕಡ್ಡಿ ಹಗುರ, ಕುಣಿಕೆಯೂ ಜಾರುವುದಿಲ್ಲ. ಎರಡು ಕಡ್ಡಿಗಳನ್ನು ಕೇಬಲ್ಲಿನಿಂದ ಜೋಡಿಸಿದ ವೃತ್ತಾಕಾರದ ಕಡ್ಡಿಯಲ್ಲಿ ಹೆಣಿಗೆಯ ಭಾರವೆಲ್ಲ ಮಡಿಲಿಗೆ ಬಿದ್ದು ಮಣಿಕಟ್ಟಿಗೆ ಬಿಡುಗಡೆ ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿಕೊಳ್ಳಬೇಕು. ಇಷ್ಟನ್ನು ತಂದುಕೊಡುವುದು, ಹೇಳಿಕೊಡುವುದು ಯಾವ ಮನೆಗೆ ಭಾರ?

ಹಳೆಯ ಹೆಣಿಗೆಯನ್ನು ಮುಂದುವರಿಸುವುದರಲ್ಲಿ ಬೇರೆ ಎರಡು ತೊಡಕುಗಳಿವೆ, ಅವಕ್ಕೂ ದಾರಿಯಿದೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಕೈಯ ಬಿಗಿ ಬದಲಾಗಿರುತ್ತದೆ. ಅಂದು ಹೆಣೆದ ಸಾಲಿಗೂ ಇಂದು ಹೆಣೆಯುವ ಸಾಲಿಗೂ ನಡುವೆ ಗೆರೆ ಬೀಳುತ್ತದೆ. ಬೇರೆ ದಾರದಲ್ಲಿ ಒಂದು ಸಣ್ಣ ಚೌಕ ಹೆಣೆದು ಅಳೆದು, ಬೇಕಾದಂತೆ ಕಡ್ಡಿಯ ದಪ್ಪ ಬದಲಿಸಿಕೊಂಡರೆ ಅದು ಸರಿಹೋಗುತ್ತದೆ. ಇನ್ನು ಬಣ್ಣ: ಒಂದೇ ಹೆಸರಿನ ಬಣ್ಣವಾದರೂ ಒಂದು ಹಂಡೆಯಲ್ಲಿ ಅದ್ದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ, ಆ ಹಳೆಯ ದಾರ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಉಳಿದ ಉಂಡೆಯನ್ನು ಎದೆಭಾಗಕ್ಕೆ ಮೀಸಲಿಟ್ಟು, ತೋಳನ್ನೂ ಕತ್ತಿನ ಪಟ್ಟಿಯನ್ನೂ ಎದ್ದುಕಾಣುವ ಬೇರೆ ಬಣ್ಣದಲ್ಲಿ ಹೆಣೆದರೆ ಅದೇ ಅಂದವಾಗುತ್ತದೆ. ಕಲೆ ಹತ್ತಿದ ಸಾಲನ್ನು ಬಿಚ್ಚಿ ಹಿಂದಕ್ಕೆ ಹೋಗುವುದೇ ಲೇಸು.

ಮುಪ್ಪಿನಲ್ಲಿ ಪೂರ್ತಿ ಕೆಲಸ ಹೊರಬರುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸಲು ಎರಡು ಹೆಸರು ಸಾಕು. ಇಂಗ್ಲೆಂಡಿನ ಮೇರಿ ಡೆಲನಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಗಿಡಹೂಗಳ ಚಿತ್ರ ಮಾಡಲು ಶುರುಮಾಡಿದ್ದು 72ನೇ ವಯಸ್ಸಿನಲ್ಲಿ, 1772ರ ಸುಮಾರಿಗೆ. ಕಣ್ಣು ಕೈಕೊಡುವವರೆಗೆ ಹತ್ತು ವರ್ಷ ದುಡಿದು ಆಕೆ ಬಿಟ್ಟುಹೋದ 985 ಚಿತ್ರಗಳು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಮೆರಿಕದ ಗ್ರಾಂಡ್ಮಾ ಮೋಸಸ್ 1860ರಲ್ಲಿ ಹುಟ್ಟಿದ ರೈತ ಹೆಂಗಸು. ಉಲ್ಲನ್ನಿನಲ್ಲಿ ಕಸೂತಿ ಚಿತ್ರ ಹಾಕುತ್ತಿದ್ದವಳು, ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ ಎಪ್ಪತ್ತರ ದಶಕದ ವಯಸ್ಸಿನಲ್ಲಿ ಕುಂಚ ಹಿಡಿದಳು. 1940ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಆಕೆಯ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಇಬ್ಬರೂ ಆರಂಭಿಸಿದ್ದನ್ನು ಮುಗಿಸಿದವರು. ಅವರ ಸುತ್ತಲಿನವರು ಆ ಕೆಲಸವನ್ನು ಕಣ್ಣಿಟ್ಟು ನೋಡಿದರು ಎಂಬುದೂ ಅಷ್ಟೇ ಮುಖ್ಯ.

ಇದು ಅಜ್ಜಿಯರ ಕೆಲಸ, ಹೆಂಗಸರ ಕೆಲಸ ಎಂಬ ಮಾತನ್ನು ಬೇಗ ಮುಗಿಸಬಹುದು. ಪೆರುವಿನ ಟಕೀಲೆ ದ್ವೀಪದಲ್ಲಿ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ಟೋಪಿ ಹೆಣೆಯಲು ಕಲಿಯುತ್ತಾರೆ, ಆ ಕಲೆಯನ್ನು ಯುನೆಸ್ಕೋ 2005ರಲ್ಲೇ ಮಾನವಕುಲದ ಪರಂಪರೆಯೆಂದು ಘೋಷಿಸಿತು. ಕರ್ನಾಟಕದಲ್ಲೇ ಕುರುಬರ ಕಂಬಳಿಯಲ್ಲಿ ಉಣ್ಣೆ ನೂಲುವವರು ಹೆಂಗಸರಾದರೆ ಮಗ್ಗದಲ್ಲಿ ಕೂತು ನೇಯುವವರು ಗಂಡಸರು. ಉಣ್ಣೆ ಮುಟ್ಟಿದರೆ ಗಂಡಸುತನ ಹೋಗುತ್ತದೆಂದು ಅವರಾರೂ ಭಾವಿಸಿಲ್ಲ. ನಿವೃತ್ತರಾಗಿ ಬೆಳಗಿನಿಂದ ಸಂಜೆವರೆಗೆ ಪತ್ರಿಕೆಯನ್ನೇ ತಿರುವಿಹಾಕುವ ಅಪ್ಪಂದಿರ ಕೈಗೆ ಕಡ್ಡಿ ಕೊಡಲು ಅಡ್ಡಿಯೇನು?

ದೇಶ ಒಮ್ಮೆ ಈ ಕೆಲಸದ ಬೆಲೆ ಅರಿತಿತ್ತು. 1962ರ ಚೀನಾ ಯುದ್ಧದ ಕಾಲದಲ್ಲಿ ಹಿಮದಲ್ಲಿ ನಿಂತ ಜವಾನರಿಗೆಂದು ಊರೂರುಗಳಲ್ಲಿ ಹೆಂಗಸರು, ಶಾಲಾ ಹುಡುಗಿಯರು ಸ್ವೆಟರು, ಮಫ್ಲರು, ಕಾಲುಚೀಲ ಹೆಣೆದು ಕಳಿಸಿದರು. ಆಗ ಅದನ್ನು ಯಾರೂ ಹೊತ್ತು ಕಳೆಯುವ ಕೆಲಸ ಎನ್ನಲಿಲ್ಲ. ಅರ್ಧಕ್ಕೆ ನಿಂತ ಸ್ವೆಟರು ಗಡಿಗೆ ಹೋಗುವಂತಿರಲಿಲ್ಲ. ತಲುಪಬೇಕಾದ ಮೈಯೊಂದು ಇತ್ತು, ಕೊಡಬೇಕಾದ ದಿನವೊಂದು ಇತ್ತು, ಆದ್ದರಿಂದ ಹೆಣಿಗೆ ಮುಗಿಯಿತು. ಇಂದಿನ ಹಿರಿಯರಿಗೆ ಇಲ್ಲದಿರುವುದು ಇದೇ. ಅವರು ಹೆಣೆದದ್ದನ್ನು ಕಾಯುವವರಿಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಕನ್ನಡದ ತಾಯಂದಿರು ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಾರಕ್ಕೊಮ್ಮೆ ಸೇರುವ ಹೆಣಿಗೆ ಗುಂಪುಗಳನ್ನು ಕಾಣುತ್ತಾರೆ. ಅಲ್ಲಿ ಹೆಣೆದ ಕುಲಾವಿಗಳು ಆಸ್ಪತ್ರೆಯ ನವಜಾತ ಶಿಶುಗಳಿಗೆ ಹೋಗುವುದೂ ಉಂಟು. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ಕಡಿಮೆ ತೂಕದ ಕೂಸುಗಳು ಹುಟ್ಟುತ್ತಿಲ್ಲವೇ? ಕೊಡಗಿನಲ್ಲಿ, ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಚಳಿಗೆ ನಡುಗುತ್ತ ಶಾಲೆಗೆ ಬರುವ ತೋಟದ ಕೂಲಿಕಾರರ ಮಕ್ಕಳಿಲ್ಲವೇ?

ಆದ್ದರಿಂದ ಬದಲಾಗಬೇಕಾದವರು ಹೆಣೆಯುವವರಲ್ಲ, ಸುತ್ತಲಿನವರು. ಮನೆಯವರು ಅಮ್ಮನ ಹೆಣಿಗೆಗೆ ದಿನದಲ್ಲಿ ಎರಡು ಗಂಟೆ ಬಿಟ್ಟುಕೊಡಬೇಕು, ಆ ಎರಡು ಗಂಟೆ ಕಾಫಿಗೆ, ಮೊಮ್ಮಗುವಿನ ಊಟಕ್ಕೆ ಅವಳನ್ನು ಎಬ್ಬಿಸಬಾರದು. ಹೆಣೆದುಕೊಟ್ಟದ್ದನ್ನು ಕಪಾಟಿನಲ್ಲಿ ಮಡಚಿಡದೆ ಹಾಕಿಕೊಂಡು ಬೀದಿಗೆ ಹೋಗಬೇಕು. ಹಿರಿಯ ನಾಗರಿಕರ ಸಂಘಗಳು ತಮ್ಮ ಸಭೆಗಳಲ್ಲಿ ಭಾಷಣದ ಜೊತೆಗೆ ವಾರಕ್ಕೊಂದು ದಿನ ಅರ್ಧಕ್ಕೆ ನಿಂತ ಹೆಣಿಗೆಗಳನ್ನು ತಂದು ಮುಗಿಸುವ ಏರ್ಪಾಡು ಮಾಡಬೇಕು. ಜೋಡಣೆ, ಕತ್ತಿನ ಪಟ್ಟಿ, ಹದ ಮಾಡುವುದನ್ನು ಬಲ್ಲವರಿಂದ ಕಲಿಸಬೇಕು, ಕಲಿಸಿದವರಿಗೆ ಗೌರವಧನ ಕೊಡಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳಲ್ಲಿ ಊರಿನ ಕುಶಲಕರ್ಮಿಗಳಿಂದ ಕಲಿಯುವ ಅವಕಾಶವಿರಬೇಕೆಂದು ಹೇಳುತ್ತದೆ. ಕುಶಲಕರ್ಮಿ ಎಂದರೆ ಬಡಗಿ, ಕುಂಬಾರರಷ್ಟೇ ಏಕೆ? ಹುಡುಗರನ್ನೂ ಹುಡುಗಿಯರನ್ನೂ ಕೂರಿಸಿ ಬೀದಿಯ ಹೆಣಿಗೆ ಬಲ್ಲ ಅಜ್ಜಿಯಿಂದ ಕಲಿಸಲಿ. ಹೆಣಿಗೆಯ ಮಾದರಿಗಳು ಇಂಗ್ಲಿಷಿನ ಸಂಕ್ಷೇಪಾಕ್ಷರಗಳಲ್ಲೇ ಹೆಚ್ಚಾಗಿರುವುದರಿಂದ ಕನ್ನಡ ಮಾತ್ರ ಓದಬಲ್ಲವರು ಕಂಡು ಕಲಿತ ನಾಲ್ಕು ಡಿಸೈನುಗಳಿಗೇ ನಿಲ್ಲುತ್ತಾರೆ. ಕನ್ನಡದ ಪ್ರಕಾಶಕರೂ ವಾರಪತ್ರಿಕೆಗಳೂ ಸಾಲುಸಾಲಾಗಿ ಬಿಡಿಸಿ ಹೇಳುವ, ಜೋಡಿಸುವುದನ್ನೂ ಚಿತ್ರಸಹಿತ ತೋರಿಸುವ ಮಾದರಿಗಳನ್ನು ದೊಡ್ಡಕ್ಷರದಲ್ಲಿ ಅಚ್ಚುಹಾಕಬೇಕು.

ಮೇಳ ನಡೆಸುವವರು ಪ್ರತಿಯೊಂದು ಕೈಹೆಣಿಗೆಯ ಮೇಲೆ ಅದಕ್ಕೆ ಹಿಡಿದ ಗಂಟೆಗಳನ್ನು ಬರೆದ ಚೀಟಿ ಕಡ್ಡಾಯ ಮಾಡಲಿ. ಹೆಣೆದವರು ದಾರದ ಖರ್ಚಿಗೆ ದಿನಗೂಲಿ ಸೇರಿಸಿ ಬೆಲೆ ಹೇಳಲಿ, ಹೇಳಿದ ಮೇಲೆ ಇಳಿಸದಿರಲಿ. ಕೊಳ್ಳುವವರು ಚೀಟಿ ಓದಿ, ಆ ಗಂಟೆಗಳ ಹಣ ಎಣಿಸಿಕೊಟ್ಟು ತೆಗೆದುಕೊಂಡು ಹೋಗಲಿ.